ಬೀಟಲ್ಸ್ ಮುಗಿದ ಮೇಲಿನ ರಿಂಗೊ ಸ್ಟಾರ್: ಕೈ ಸೋತಿತೇ, ಕೆಲಸ ಬದಲಾಯಿತೇ?

ಎಡಗೈ_ಲಯ

ಬೀಟಲ್ಸ್ ಬ್ಯಾಂಡಿನ ಡ್ರಮ್ಮರ್ ರಿಂಗೊ ಸ್ಟಾರ್ ಮಾತು ಎಲ್ಲಿ ಬಂದರೂ ಒಂದೇ ತೀರ್ಪು ಕೇಳಿಸುತ್ತೆ. ಬ್ಯಾಂಡಿನಲ್ಲಿದ್ದ 1962ರಿಂದ 1970ರವರೆಗೆ ಸೊಗಸು, ಆಮೇಲೆ ಬರೀ ಹೆಸರು. ಹೀಗೆ ಹೇಳೋರಲ್ಲಿ ಎಷ್ಟು ಜನ ಆ ನಂತರದ ರೆಕಾರ್ಡುಗಳನ್ನ ಡ್ರಮ್ಸ್‌ಗೋಸ್ಕರವೇ ಕೂತು ಕೇಳಿದ್ದಾರೆ? ನಾನು 1970ರಿಂದ ಶುರುಮಾಡಿ ವರ್ಷದ ಪ್ರಕಾರ ಮತ್ತೆ ಕೇಳ್ತಾ ಬಂದೆ. ನುಡಿಸೋ ರೀತಿ ಬದಲಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕೈಗಿಂತ ಮೊದಲು ಬದಲಾದದ್ದು ಅವರ ಕೆಲಸ ಅನ್ನೋದು ನನ್ನ ವಾದ.

ಬೀಟಲ್ಸ್‌ನಲ್ಲಿ ಡ್ರಮ್ಸ್ ಹಾಡಿನ ಹೊಟ್ಟೆಯಲ್ಲೇ ಹುಟ್ಟುತ್ತಿತ್ತು. 'ಟಿಕೆಟ್ ಟು ರೈಡ್' ಹಾಡಿನ ಆ ಮುರಿದ ನಡೆ ತೆಗೆದುಬಿಡಿ, ಹಾಡು ಸಾಮಾನ್ಯವಾಗಿಬಿಡುತ್ತೆ. 'ಎ ಡೇ ಇನ್ ದ ಲೈಫ್'ನಲ್ಲಿ ಬ್ಯಾಂಡಿನ ಗಾಯಕ ಜಾನ್ ಲೆನನ್ ಒಂದು ಸಾಲು ಹಾಡಿ ಬಿಟ್ಟ ಜಾಗದಲ್ಲಿ ಡ್ರಮ್ಸ್ ಸೆಟ್ಟಿನ ದಪ್ಪ ದನಿಯ ಡೋಲುಗಳಾದ ಟಾಮ್‌ಗಳು ಉತ್ತರ ಕೊಡ್ತವೆ. 'ರೇನ್' ಹಾಡಿಗೆ 1966ರಲ್ಲಿ ವೇಗವಾಗಿ ನುಡಿಸಿ, ಆಮೇಲೆ ಟೇಪಿನ ವೇಗ ತಗ್ಗಿಸಿದ್ದರಿಂದ ಸ್ನೇರ್ (ಚುರುಕಾಗಿ ಸಿಡಿಯೋ ಮುಖ್ಯ ಡ್ರಮ್) ನಾದ ಭಾರವಾಗಿ ಬರುತ್ತೆ. ಇದೆಲ್ಲ ಆಗಬೇಕಾದರೆ ನಾಲ್ಕು ಜನ ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ಕೂರಬೇಕು, ಟೇಕ್ ಮೇಲೆ ಟೇಕ್ ತಗೋಬೇಕು, ಒಬ್ಬರ ಹಾಡು ಇನ್ನೊಬ್ಬರ ಕೈಯಲ್ಲಿ ಬೆಳೀಬೇಕು.

1970ರ ನಂತರ ಆ ಕೋಣೆ ಇಲ್ಲ. ಗೆಳೆಯರ ರೆಕಾರ್ಡಿಗೆ ಅತಿಥಿಯಾಗಿ ಹೋಗಿ ನುಡಿಸಿದರು, ತಮ್ಮದೇ ಆಲ್ಬಂಗಳಲ್ಲಿ ಮುಖ್ಯವಾಗಿ ಗಾಯಕರಾದರು, 1989ರಿಂದ ಆಲ್-ಸ್ಟಾರ್ ಬ್ಯಾಂಡ್ ಕಟ್ಟಿ ಯಜಮಾನರಾದರು. ಮೂರು ಕಡೆಯೂ ಡ್ರಮ್ಸ್‌ನಿಂದ ಬೇಕಾಗಿದ್ದು ಬೇರೆ ಬೇರೆ. ನಿಮ್ಮ ಕಿವಿಗೆ ಏನು ಕೇಳಿಸಿದೆ ಹೇಳಿ. ಹಾಡಿನ ಹೆಸರು ಹಿಡಿದು ಮಾತಾಡಿದರೆ ಚೆನ್ನ.

ಹಳೇಕ್ಯಾಸೆಟ್

ಹಾಡಿನ ಹೆಸರು ಹಿಡಿದೇ ಮಾತಾಡ್ತೀನಿ. 'ರಿಂಗೊ ದ ಫೋರ್ತ್', 1977. ಪ್ರಪಂಚದ ಅತ್ಯಂತ ಹೆಸರಾಂತ ಡ್ರಮ್ಮರ್‌ನ ಆಲ್ಬಂ, ಅದರಲ್ಲಿ ಡ್ರಮ್ಸ್‌ಗೆ ಸ್ಟೀವ್ ಗ್ಯಾಡ್‌ನ ಕೂರಿಸಿದ್ದಾರೆ. ಗ್ಯಾಡ್ ದೊಡ್ಡವರು, ಅದು ಬೇರೆ ಮಾತು. ಡಿಸ್ಕೊ ಗಾಳಿ ಬೀಸ್ತಾ ಇತ್ತು, ಕಂಪನಿ ಆ ಕಡೆ ತಿರುಗಿಸ್ತು, ರಿಂಗೊ ತಿರುಗಿದರು. 1983ರ 'ಓಲ್ಡ್ ವೇವ್'ಗೆ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಆಗ ಬಿಡುಗಡೆ ಭಾಗ್ಯವೇ ಸಿಗಲಿಲ್ಲ. ಈ ಹೊತ್ತಿನಲ್ಲಿ ಕುಡಿತ ಎಷ್ಟಿತ್ತು ಅನ್ನೋದನ್ನ ಅವರೇ ಎಷ್ಟೋ ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. 1988ರಲ್ಲಿ ಹೆಂಡತಿ ಬಾರ್ಬರಾ ಬಾಕ್ ಜೊತೆ ಅರಿಜೋನಾದ ಚಿಕಿತ್ಸಾ ಕೇಂದ್ರಕ್ಕೆ ಸೇರಿದ ಮೇಲೆಯೇ ಬಿಟ್ಟಿದ್ದು.

ಸರ್, ಕೋಣೆ ಇಲ್ಲ, ಕೆಲಸ ಬದಲಾಯ್ತು ಅನ್ನೋದೆಲ್ಲ ಸರಿ ಇರಬಹುದು. ಆದರೆ ಹತ್ತು ಹದಿನೈದು ವರ್ಷ ಸರಿಯಾಗಿ ಕೂತು ನುಡಿಸದವರ ಕೈ ಏನಾಗುತ್ತೆ ಅನ್ನೋದಕ್ಕೆ ವಾದ ಬೇಡ. ಯಾವ ವಾದ್ಯದವರನ್ನ ಬೇಕಾದರೂ ಕೇಳಿ.

ಮೃದಂಗದ_ಬಲ

ನಾನು ರಾಕ್ ಕೇಳಿ ಬೆಳೆದವಳಲ್ಲ, ಕಲಿತಿದ್ದು ಮೃದಂಗ. ಮಗನಿಂದಾಗಿ ಬೀಟಲ್ಸ್ ಕಿವಿಗೆ ಬಿತ್ತು. ಈ ಚರ್ಚೆಯಲ್ಲಿ ನನಗೆ ಹೇಳೋದಕ್ಕೆ ಇರೋದು ಕಾಲಪ್ರಮಾಣದ ಬಗ್ಗೆ.

ಲೆನನ್‌ರ 1970ರ 'ಪ್ಲಾಸ್ಟಿಕ್ ಓನೊ ಬ್ಯಾಂಡ್' ಆಲ್ಬಂನ ಮೊದಲ ಹಾಡು 'ಮದರ್'. ಗಂಟೆ ನಿಧಾನಕ್ಕೆ ಬಾರಿಸುತ್ತೆ, ಆಮೇಲೆ ಪಿಯಾನೊ, ಬೇಸ್, ಡ್ರಮ್ಸ್, ಧ್ವನಿ, ಅಷ್ಟೇ. ಕಾಲ ಎಷ್ಟು ವಿಳಂಬ ಅಂದರೆ ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ದೊಡ್ಡ ಖಾಲಿ ಜಾಗ ಉಳಿಯುತ್ತೆ. ಚಿಕ್ಕ ಕೈಯವರು ಆ ಜಾಗಕ್ಕೆ ಹೆದರಿ ಏನಾದರೂ ತುಂಬ್ತಾರೆ. ರಿಂಗೊ ತುಂಬಲ್ಲ, ಸಾಲುಗಳ ನಡುವೆ ಜಾಗ ತುಂಬೋಕೆ ನುಡಿಸೋ ಚಿಕ್ಕ ತುಣುಕಿಗೆ, ಅಂದರೆ ಫಿಲ್‌ಗೆ ಕೈ ಹಾಕೋದೇ ಅಪರೂಪ. ಲೆನನ್ ಕೊನೆಯಲ್ಲಿ ಗಂಟಲು ಹರಿಯೋ ಹಾಗೆ ಕೂಗ್ತಾ ಇದ್ದರೂ ಕಾಲ ಓಡೋದಿಲ್ಲ. ಪಕ್ಕವಾದ್ಯದಲ್ಲಿ ಕೂತವರಿಗೆ ಗೊತ್ತು, ಗಾಯಕರಿಗೆ ಭಾವ ಏರಿದಾಗ ನಮ್ಮ ಕೈಯೂ ಏರಿಬಿಡುತ್ತೆ. ಅದನ್ನ ಹಿಡಿದು ನಿಲ್ಲಿಸೋದು ತನಿ ಆವರ್ತನ ನುಡಿಸೋದಕ್ಕಿಂತ ಕಷ್ಟ.

ಹಳೇಕ್ಯಾಸೆಟ್ ಅವರೇ, ಇದು ಬೀಟಲ್ಸ್ ಒಡೆದ ಮೇಲಿನ ರೆಕಾರ್ಡು. ಇದನ್ನ ಯಾವ ಲೆಕ್ಕಕ್ಕೆ ಸೇರಿಸ್ತೀರಿ?

ಹಳೇಕ್ಯಾಸೆಟ್

ಮೇಡಂ, ಅದು ಒಡೆದ ವರ್ಷದ್ದೇ. ಬೀಟಲ್ಸ್‌ನ ಬಿಸಿ ಇನ್ನೂ ಆರಿರಲಿಲ್ಲ. ನಾನು ಕೇಳ್ತಿರೋದು 1975ರ ಆಚೆಯ ಲೆಕ್ಕ.

ಎಡಗೈ_ಲಯ

ಆ ಆಲ್ಬಂ ಪಕ್ಕಕ್ಕೆ ಸರಿಸಬೇಡಿ, ನನ್ನ ವಾದದ ಬೆನ್ನೆಲುಬೇ ಅದು. 1970ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರೆಕಾರ್ಡ್ ಆಗಿ ಡಿಸೆಂಬರ್ 11ಕ್ಕೆ ಹೊರಬಂತು. ಹೆಚ್ಚಿನ ಹಾಡುಗಳಿಗೆ ಮೂರೇ ಜನ: ಲೆನನ್, ಬೇಸ್‌ನಲ್ಲಿ ಕ್ಲಾಸ್ ಫೋರ್ಮನ್, ಡ್ರಮ್ಸ್‌ನಲ್ಲಿ ರಿಂಗೊ. 'ಗಾಡ್' ಹಾಡಿಗೆ ಬಿಲ್ಲಿ ಪ್ರೆಸ್ಟನ್ ಪಿಯಾನೊ. ಬೀಟಲ್ಸ್‌ನಲ್ಲಿ ನಾಲ್ಕು ಜನರ ಜೊತೆಗೆ ಸ್ಟ್ರಿಂಗ್ಸ್, ಬ್ರಾಸ್, ಹಿನ್ನೆಲೆ ದನಿಗಳು ಎಲ್ಲ ಇರುತ್ತಿದ್ದವು. ಇಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ.

'ಗಾಡ್' ಕೇಳುವಾಗ ಮಧ್ಯದ ಭಾಗಕ್ಕೆ ಕಿವಿ ಕೊಡಿ. ನಂಬಲ್ಲ, ನಂಬಲ್ಲ ಅಂತ ಲೆನನ್ ಒಂದೊಂದೇ ಹೆಸರು ಹೇಳಿ ತಳ್ಳಿಹಾಕ್ತಾ ಹೋಗ್ತಾರೆ. ಪ್ರತಿ ಹೆಸರಿನ ಆಚೆ ಸಣ್ಣ ಬಿಡುವು. ಆ ಬಿಡುವುಗಳಲ್ಲಿ ಡ್ರಮ್ಸ್ ಏನು ಮಾಡುತ್ತೆ ಗಮನಿಸಿ. ಒಮ್ಮೆ ಸುಮ್ಮನೆ ನಡೆ ಮುಂದುವರಿಸುತ್ತೆ, ಇನ್ನೊಮ್ಮೆ ಟಾಮ್‌ಗಳ ಮೇಲೆ ಚಿಕ್ಕದಾಗಿ ಉರುಳುತ್ತೆ, ಮತ್ತೊಮ್ಮೆ ಪೂರ್ತಿ ಬಿಡುವನ್ನೇ ತಗೊಂಡುಬಿಡುತ್ತೆ. ಪಟ್ಟಿ ಬೆಳೆದಂತೆ ಡ್ರಮ್ಸ್ ಕೂಡ ಬೆಳೆಯುತ್ತೆ, ಆಮೇಲೆ ಪಟ್ಟಿಯ ಕೊನೆಗೆ ತಮ್ಮದೇ ಬ್ಯಾಂಡಿನ ಹೆಸರು ಬಂದಾಗ ಎಲ್ಲವೂ ನಿಂತುಬಿಡುತ್ತೆ. ಆ ಹೆಸರನ್ನ ತಳ್ಳಿಹಾಕಿಸಿಕೊಂಡ ಬ್ಯಾಂಡಿನ ಡ್ರಮ್ಮರೇ ಅಲ್ಲಿ ಕೂತು ನುಡಿಸಿದ್ದಾರೆ. ನನ್ನ ಮಟ್ಟಿಗೆ ರಿಂಗೊ ಜೀವನದಲ್ಲಿ ನುಡಿಸಿದ್ದರಲ್ಲೆಲ್ಲ ಇದೇ ಮೇಲು. 'ರೇನ್'ಗಿಂತಲೂ ಮೇಲು. ಯಾರಾದರೂ ಜಗಳಕ್ಕೆ ಬಂದರೆ ಸಿದ್ಧ.

ಸ್ನೇರ್_ಮೇಷ್ಟ್ರು

ಜಗಳಕ್ಕೆ ಬರಲ್ಲ, ಒಂದಿಷ್ಟು ಕಸುಬಿನ ವಿಷಯ ಸೇರಿಸ್ತೀನಿ. ಮಕ್ಕಳಿಗೆ ಡ್ರಮ್ಸ್ ಹೇಳಿಕೊಡೋದು ನನ್ನ ಕೆಲಸ.

ರಿಂಗೊ ಹುಟ್ಟಾ ಎಡಗೈಯವರು. ಚಿಕ್ಕಂದಿನಲ್ಲಿ ಅಜ್ಜಿ ಬಲಗೈಯಲ್ಲಿ ಬರೆಸಿದರು ಅಂತ ಅವರೇ ಹೇಳ್ತಾರೆ. ಕಿಟ್, ಅಂದರೆ ಡ್ರಮ್ಸ್ ಸೆಟ್, ಮಾತ್ರ ಬಲಗೈಯವರ ರೀತಿ ಜೋಡಿಸಿದ್ದು. ಬಲಗೈಯವರು ಫಿಲ್ ಹೊಡೆಯೋವಾಗ ಸ್ನೇರ್‌ನಿಂದ ಶುರುಮಾಡಿ ಟಾಮ್‌ಗಳ ಮೇಲೆ ಬಲಕ್ಕೆ ಸಲೀಸಾಗಿ ಜಾರ್ತಾರೆ, ಮುಂದಾಳತ್ವ ಬಲಗೈದು. ಎಡಗೈ ಮುಂದಿಟ್ಟು ಅದೇ ದಾರಿ ಹಿಡಿದರೆ ಕೈಗೆ ಕೈ ಅಡ್ಡ ಬರುತ್ತೆ. ಹಾಗಾಗಿ ಒಂದು ಕೂದಲೆಳೆಯಷ್ಟು ತಡ ಆಗುತ್ತೆ, ಅಥವಾ ಹಿಂದು ಮುಂದಾಗಿ ಸುತ್ತಬೇಕಾಗುತ್ತೆ. ರಿಂಗೊ ಫಿಲ್‌ಗಳ ಆ ವಿಚಿತ್ರ ತೂಗಾಟ ಬಂದಿದ್ದು ಅಲ್ಲಿಂದ. ನನ್ನ ಹತ್ತಿರ ಬರೋ ಹುಡುಗರು 'ಕಮ್ ಟುಗೆದರ್' ಶುರು ನುಡಿಸ್ತಾರೆ, ಸ್ವರ ಎಲ್ಲ ಸರಿ, ತೂಗಾಟ ಬರಲ್ಲ. ಎಡಗೈ ಮುಂದಿಟ್ಟು ನುಡಿಸು ಅಂದರೆ ಅರ್ಧಕ್ಕರ್ಧ ಬಂದುಬಿಡುತ್ತೆ.

ಎರಡನೇದು ನಾದ. 1968ರಲ್ಲಿ ಲುಡ್ವಿಗ್ ಕಂಪನಿಯ ಮೇಪಲ್ ಮರದ 'ಹಾಲಿವುಡ್' ಕಿಟ್ ಬಂತು. ಮೊದಲು ಮುಂದೆ ಒಂದೇ ಟಾಮ್ ಇತ್ತು, ಈಗ ಎರಡಾಯ್ತು. ಪ್ಲಾಸ್ಟಿಕ್ ಹಾಳೆ ಬಿಟ್ಟು ಕರುವಿನ ಚರ್ಮ ಕಟ್ಟಿದರು. 1969ರ ಹೊತ್ತಿಗೆ ಟಾಮ್‌ಗಳ ಮೇಲೆ ಟೀ ಟವೆಲ್ ಹೊದಿಸಿ ನುಡಿಸ್ತಿದ್ದರು. ನಾದ ಮೊಂಡಾಗಿ, ದಪ್ಪಗೆ, ಬೇಗ ಸಾಯೋ ಹಾಗೆ ಆಯ್ತು. ಇದು ಬ್ಯಾಂಡ್ ಇದ್ದಾಗಲೇ ಶುರುವಾದ ಬದಲಾವಣೆ, 1970ರ ದಶಕಕ್ಕೂ ಅದೇ ನಾದ ಮುಂದುವರೀತು. ನಾದ ಬೇಗ ಸತ್ತರೆ ಪೆಟ್ಟುಗಳನ್ನ ದೂರ ದೂರ ಇಟ್ಟರೂ ಗಲೀಜಾಗಲ್ಲ. ಮೃದಂಗದ ಮೇಡಂ ಹೇಳಿದ 'ಮದರ್'ನ ಖಾಲಿ ಜಾಗ ಅಷ್ಟು ಸ್ವಚ್ಛವಾಗಿ ಕೇಳೋದಕ್ಕೆ ಒಣಗಿದ ಆ ನಾದವೂ ಕಾರಣ.

ಹುಬ್ಬಳ್ಳಿ_ಬೀಟ್

ಎಲ್ಲಾರಿಗೂ ನಮಸ್ಕಾರ್ರಿ. ಬಾಂಗ್ಲಾದೇಶಕ್ಕಂತ ಬೀಟಲ್ಸ್ ಗಿಟಾರಿಸ್ಟ್ ಜಾರ್ಜ್ ಹ್ಯಾರಿಸನ್ ಮಾಡಿದ ಕಾರ್ಯಕ್ರಮದ ಸಿನಿಮಾ ನೋಡೇನಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, 1971ರ ಆಗಸ್ಟ್ 1. ನಾ ನೋಡಿದ್ದು ಖರೇ ಅಂದ್ರ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ ಅವರ ಸಲುವಾಗಿ. ಅವರು ಶ್ರುತಿ ಕೂಡಿಸಿದ್ದಕ್ಕನ ಜನ ಚಪ್ಪಾಳಿ ತಟ್ಟತಾರ. ಆಮ್ಯಾಲೆ ರಾಕ್ ಶುರು ಆದಾಗ ನೋಡಿದ್ರ ಸ್ಟೇಜಿನ ಮ್ಯಾಲೆ ಡ್ರಮ್ಸ್ ಎರಡು ಸೆಟ್. ರಿಂಗೊ ಒಂದು ಕಡೆ, ಜಿಮ್ ಕೆಲ್ಟ್ನರ್ ಒಂದು ಕಡೆ. ಅಲ್ಲಾರಖಾ ಒಬ್ಬರ ಇದ್ದು ಅಷ್ಟು ದೊಡ್ಡ ಸಭಾ ತುಂಬಿಸಿದ್ರು. ಇಲ್ಲಿ ಇಬ್ಬರು ಯಾಕ ಬೇಕಾತು ಅನ್ನೂದು ನನಗ ಇನ್ನೂ ತಿಳಿದಿಲ್ಲರಿ. ಗೊತ್ತಿದ್ದವರು ಹೇಳ್ರಿ.

ಎಡಗೈ_ಲಯ

ಹುಬ್ಬಳ್ಳಿಯವರೇ, ಇಡೀ ಚರ್ಚೆಯ ಗಂಟು ಬಿಚ್ಚೋ ಪ್ರಶ್ನೆ ಇದು. ಹಿಂದಿನ ವರ್ಷದ ಹ್ಯಾರಿಸನ್ ಆಲ್ಬಂ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ನೆನಪು ಮಾಡಿಕೊಳ್ಳಿ. ನಿರ್ಮಾಪಕ ಫಿಲ್ ಸ್ಪೆಕ್ಟರ್‌ಗೆ ಒಂದು ವಾದ್ಯ ಇದ್ದ ಕಡೆ ಮೂರು ನಾಲ್ಕು ಕೂರಿಸಿ ಗೋಡೆ ಎಬ್ಬಿಸೋ ಅಭ್ಯಾಸ. ಆ ಗೋಡೆಯನ್ನ ವೇದಿಕೆಗೆ ತರಬೇಕಾದರೆ ಡ್ರಮ್ಸೂ ಎರಡಾಗಬೇಕಿತ್ತು.

ಆದರೆ ರಿಂಗೊಗೆ ಕೆಲ್ಟ್ನರ್ ಜೊತೆ ಹಿಡಿಸಿಬಿಡ್ತು. 1973ರ 'ರಿಂಗೊ' ಆಲ್ಬಂನಲ್ಲಿ, ಮರುವರ್ಷದ 'ಗುಡ್‌ನೈಟ್ ವಿಯೆನ್ನಾ'ದಲ್ಲಿ ಮತ್ತೆ ಕೆಲ್ಟ್ನರ್ ಇದ್ದಾರೆ. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ 'ಫೋಟೊಗ್ರಾಫ್' ಕೇಳಿ, ಇಬ್ಬರೂ ಒಟ್ಟಿಗೆ ನುಡಿಸಿದ್ದು. ಬ್ಯಾಕ್‌ಬೀಟ್ (ಎರಡನೇ, ನಾಲ್ಕನೇ ಎಣಿಕೆಯ ಸ್ನೇರ್ ಪೆಟ್ಟು) ಅಗಲವಾಗಿ ಬೀಳುತ್ತೆ, ಫಿಲ್‌ಗಳು ಗುಡುಗ್ತವೆ. ಕೇಳೋಕೆ ಬಲು ಚಂದ. ಆದರೆ ಅದು ಯಾವುದೂ ಒಬ್ಬ ರಿಂಗೊನ ಫಿಲ್ ಅಲ್ಲ.

ಸ್ನೇರ್_ಮೇಷ್ಟ್ರು

ಇದಕ್ಕೆ ನಾನು ಉತ್ತರ ಸೇರಿಸಲೇಬೇಕು, ಯಾಕಂದರೆ ಜೋಡಿ ಡ್ರಮ್ಸ್ ನಾನೇ ಶಿಷ್ಯರ ಜೊತೆ ನುಡಿಸ್ತೀನಿ.

ಇಬ್ಬರು ಒಂದೇ ಸ್ನೇರ್ ಪೆಟ್ಟನ್ನ ಒಟ್ಟಿಗೆ ಹೊಡೆದಾಗ ಎಂಥವರಿಗೂ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತೆ. ಆ ವ್ಯತ್ಯಾಸ ಸಣ್ಣದಿದ್ದರೆ ಪೆಟ್ಟು ದಪ್ಪ ಅನ್ನಿಸುತ್ತೆ, ದೊಡ್ಡದಾದರೆ ಎರಡು ಬೇರೆ ಪೆಟ್ಟು ಕೇಳಿ ಹಾಡು ಒದ್ದಾಡುತ್ತೆ. ರಿಂಗೊ, ಕೆಲ್ಟ್ನರ್ ಇಬ್ಬರದೂ ಸ್ವಲ್ಪ ಹಿಂದೆ ಒರಗಿದ ನಡೆ, ಅದಕ್ಕೇ ಆ ಜೋಡಿ ಕೂಡಿ ಬಂತು. ಇನ್ನು ಫಿಲ್. ಇಬ್ಬರಿದ್ದಾಗ ಫಿಲ್ ಬಂದರೆ ದಾರಿ ಎರಡೇ. ಮೊದಲೇ ಮಾತಾಡಿಕೊಂಡು ಇಬ್ಬರೂ ಅದನ್ನೇ ನುಡಿಸಬೇಕು, ಇಲ್ಲ ಒಬ್ಬರು ಬಿಟ್ಟುಕೊಡಬೇಕು. ಒಂದು ಫಿಲ್ಲನ್ನ ಎರಡು ಸಲ ಒಂದೇ ಥರ ನುಡಿಸೋಕೆ ತನಗೆ ಬರಲ್ಲ ಅಂತ ರಿಂಗೊ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅಂಥವರನ್ನ ಜೋಡಿಯಲ್ಲಿ ಕೂರಿಸಿದರೆ ಮೊದಲು ಹೋಗೋದು ಯಾವುದು? ಆ ಕ್ಷಣಕ್ಕೆ ಹುಟ್ಟೋ ಫಿಲ್. ಉಳಿಯೋದು ನೇರ ನಡೆ. 1970ರ ದಶಕದಲ್ಲಿ ರಿಂಗೊ ನುಡಿಸೋದು ಸರಳ ಆಯ್ತು ಅನ್ನೋದಕ್ಕೆ ನನ್ನ ಪ್ರಕಾರ ಬಾಟಲಿಗಿಂತ ದೊಡ್ಡ ಕಾರಣ ಪಕ್ಕದ ಕುರ್ಚಿ.

ಹಳೇಕ್ಯಾಸೆಟ್

ಮೇಷ್ಟ್ರೇ, ಪಕ್ಕದ ಕುರ್ಚಿಗೆ ಕರೆದು ಕೂರಿಸಿದ್ದು ಯಾರು? ಅವರ ಆಲ್ಬಂ, ಅವರ ಬ್ಯಾಂಡ್. 1989ರ ಮೊದಲ ಆಲ್-ಸ್ಟಾರ್ ಬ್ಯಾಂಡ್ ನೋಡಿ: ಕೆಲ್ಟ್ನರ್ ಇದ್ದಾರೆ, 'ದ ಬ್ಯಾಂಡ್' ಅನ್ನೋ ಹೆಸರಿನ ತಂಡದ ಲೆವನ್ ಹೆಲ್ಮ್ ಇದ್ದಾರೆ. ರಿಂಗೊ ಸೇರಿ ಮೂರು ಡ್ರಮ್ಮರ್. ಆಮೇಲೂ ಎರಡನೇ ಡ್ರಮ್ಮರ್ ಇಲ್ಲದ ವರ್ಷವಿಲ್ಲ. 2008ರಿಂದ ಗ್ರೆಗ್ ಬಿಸೊನೆಟ್. ತನ್ನ ಮೇಲೆ ತನಗೆ ನಂಬಿಕೆ ಇದ್ದ ಡ್ರಮ್ಮರ್ ಹೀಗೆ ಮಾಡ್ತಾರಾ? 1968ರ ಆಗಸ್ಟ್‌ನಲ್ಲಿ ತಾನು ಚೆನ್ನಾಗಿ ನುಡಿಸ್ತಿಲ್ಲ ಅನ್ನಿಸಿ ಬೀಟಲ್ಸ್ ಬಿಟ್ಟು ಹೋಗಿದ್ದರಲ್ಲ, ವಾಪಸ್ ಬಂದಾಗ ಕಿಟ್‌ಗೆಲ್ಲ ಹೂವು ಕಟ್ಟಿದ್ದರು. ಆ ಅಳುಕು ಅವರನ್ನ ಬಿಡಲೇ ಇಲ್ಲ ಅಂತ ನನಗನ್ನಿಸುತ್ತೆ. ನನಗೂ ಬೇಸರವೇ, ಇಷ್ಟಪಡೋ ಡ್ರಮ್ಮರ್ ಬಗ್ಗೆ ಹೀಗೆ ಹೇಳಬೇಕಾಗಿದೆ.

ಮೃದಂಗದ_ಬಲ

ಹೂವಿನ ಸಂಗತಿ ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಡ್ರಮ್ಸ್ ಯಾರು ನುಡಿಸಿದರು?

ಹಳೇಕ್ಯಾಸೆಟ್

ಬ್ಯಾಂಡಿನ ಬೇಸ್ ವಾದಕ ಪಾಲ್ ಮೆಕಾರ್ಟ್ನಿ, ಮೇಡಂ. 'ಬ್ಯಾಕ್ ಇನ್ ದ ಯು.ಎಸ್.ಎಸ್.ಆರ್.' ಮತ್ತೆ 'ಡಿಯರ್ ಪ್ರೂಡೆನ್ಸ್'.

ಮಳೆಗಾಲದ_ಗಿಟಾರ್

ವಿಷಯಾಂತರ ಅನ್ನಿಸಿದರೆ ಕ್ಷಮಿಸಿ, ಹೋಲಿಕೆಗೆ ಕ್ರೀಮ್ ಬ್ಯಾಂಡಿನ ಡ್ರಮ್ಮರ್ ಜಿಂಜರ್ ಬೇಕರ್ ಬೇಕೇ ಬೇಕು. ಕ್ರೀಮ್ ಬರೀ 1966ರಿಂದ 1968. ಅದು ಒಡೆದು, ಆಮೇಲಿನ ಬ್ಯಾಂಡ್ ಬ್ಲೈಂಡ್ ಫೇತ್ ಕೂಡ ಮುಗಿದು, ಆಸಾಮಿ 1971ರಲ್ಲಿ ಸಹಾರಾ ಮರುಭೂಮಿ ದಾಟಿ ಗಾಡಿಯಲ್ಲಿ ನೈಜೀರಿಯಾಕ್ಕೆ ಹೋದರು. ಲಾಗೋಸ್‌ನಲ್ಲಿ ಸ್ಟುಡಿಯೊ ಕಟ್ಟಿದರು, ಅಲ್ಲಿನ ಸಂಗೀತಗಾರ ಫೆಲಾ ಕುಟಿ ಜೊತೆ ನುಡಿಸಿದರು. ಅವರೂ ಅಲ್ಲಿ ಎರಡನೇ ಡ್ರಮ್ಮರ್ ಪಕ್ಕ ಕೂತಿದ್ದಾರೆ: ಫೆಲಾ ಬ್ಯಾಂಡಿನ ಟೋನಿ ಆಲನ್. ಕ್ರೀಮ್‌ನಲ್ಲಿ ಹದಿನೈದು ನಿಮಿಷ ಸೋಲೊ ಹೊಡೀತಿದ್ದ ಬೇಕರ್ ಆಮೇಲೆ 1994ರಲ್ಲಿ ಬಿಲ್ ಫ್ರಿಸೆಲ್, ಚಾರ್ಲಿ ಹೇಡನ್ ಜೊತೆ ಮಾಡಿದ 'ಗೋಯಿಂಗ್ ಬ್ಯಾಕ್ ಹೋಮ್' ಕೇಳಿ. ಟಾಮ್‌ಗಳ ಮೇಲೆ ಆಫ್ರಿಕದ ನಡೆ ಮೆತ್ತಗೆ ಉರುಳ್ತಾ ಇರುತ್ತೆ, ಗಿಟಾರ್‌ಗೆ ಎಲ್ಲೆಲ್ಲೂ ಉಸಿರು. ನಾನು ಗಿಟಾರ್ ನುಡಿಸೋನು, ಅಂಥ ಡ್ರಮ್ಮರ್ ಹಿಂದೆ ಇದ್ದರೆ ಪುಣ್ಯ.

ಬೇಕರ್‌ದು ಹುಡುಕಾಟ. ಎಲ್ಲಿ ಹೊಸ ಲಯ ಇದೆಯೋ ಅಲ್ಲಿಗೆ ಹೋದರು. ರಿಂಗೊ ಹಾಗೆ ಎಲ್ಲೂ ಹೋಗಲಿಲ್ಲ. ಇದು ದೂರಲ್ಲ, ಇಬ್ಬರಿಗೂ ಬೇಕಾಗಿದ್ದು ಬೇರೆ.

ಅರಮನೆ_ಮೈದಾನ

2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಾಗ ನಾನು ಅಲ್ಲಿದ್ದೆ. ಎಲ್ಲರೂ ಜಾಗರ್ ನೋಡ್ತಿದ್ದರು, ನನ್ನ ಕಣ್ಣು ಪರದೆಯಲ್ಲಿ ಕಾಣ್ತಿದ್ದ ಡ್ರಮ್ಮರ್ ಚಾರ್ಲಿ ವಾಟ್ಸ್ ಬಲಗೈ ಮೇಲೆ. ಎಡಗೈ ಸ್ನೇರ್ ಹೊಡೆಯೋ ಗಳಿಗೆಗೆ ಬಲಗೈ ಜೋಡಿ ತಾಳದಂಥ ಹೈ-ಹ್ಯಾಟ್‌ನಿಂದ ಮೇಲೆದ್ದುಬಿಡುತ್ತೆ, ಆ ಪೆಟ್ಟು ಒಂಟಿಯಾಗಿ ಬೀಳುತ್ತೆ. ಬ್ಯಾಂಡ್ ಬಿಡದೆಯೇ ಬೇರೆ ಬದುಕು ಕಟ್ಟಿಕೊಂಡವರು ವಾಟ್ಸ್. 1980ರ ದಶಕದಲ್ಲಿ ದೊಡ್ಡ ಜಾಝ್ ಆರ್ಕೆಸ್ಟ್ರಾ, 1990ರ ದಶಕದಲ್ಲಿ ಐದು ಜನರ ಕ್ವಿಂಟೆಟ್. 2021ರಲ್ಲಿ ತೀರಿಕೊಳ್ಳೋವರೆಗೂ ಸ್ಟೋನ್ಸ್‌ನಲ್ಲೇ ಇದ್ದರು. ರಿಂಗೊಗೆ ಆ ಅವಕಾಶ ಇರಲಿಲ್ಲ, ಮೂವತ್ತು ತುಂಬೋ ಮೊದಲೇ ಬ್ಯಾಂಡ್ ಮುಗಿದುಹೋಗಿತ್ತು. ಇದನ್ನ ಲೆಕ್ಕದಲ್ಲಿಟ್ಟುಕೊಳ್ಳಿ.

ಸ್ನೇರ್_ಮೇಷ್ಟ್ರು

ಒಳ್ಳೇ ಮಾತು. ಹಳೇಕ್ಯಾಸೆಟ್ ಅವರ ಅಳುಕಿನ ಪ್ರಶ್ನೆಗೆ ಬರ್ತೀನಿ.

ಆಲ್-ಸ್ಟಾರ್ ಕಾರ್ಯಕ್ರಮದ ವಿಡಿಯೊ ಒಂದನ್ನ ಪೂರ್ತಿ ನೋಡಿ. ರಿಂಗೊ ತಮ್ಮ ಹಾಡುಗಳಿಗೆ ಮೈಕ್ ಹಿಡಿದು ಮುಂದೆ ನಿಲ್ತಾರೆ, ಆಗ ಬಿಸೊನೆಟ್ ಹಳೇ ರೆಕಾರ್ಡಿನ ಡ್ರಮ್ಸ್‌ನ ಶ್ರದ್ಧೆಯಿಂದ ನುಡಿಸ್ತಾರೆ. ಬೇರೆಯವರು ಹಾಡೋ ಸರದಿ ಬಂದಾಗ ರಿಂಗೊ ಹಿಂದಕ್ಕೆ ಹೋಗಿ ಕಿಟ್ ಮೇಲೆ ಕೂರ್ತಾರೆ. ಅಂದರೆ ತನ್ನ ಹಾಡಿಗೆ ತಾನು ನುಡಿಸೋದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಹಾಡಿಗೆ ನುಡಿಸ್ತಾರೆ. ಟೋಟೊ ಬ್ಯಾಂಡಿನ ಸ್ಟೀವ್ ಲುಕಾಥರ್ ಸೇರಿದ ಮೇಲೆ 'ರೊಜಾನಾ' ಪಟ್ಟಿಗೆ ಬಂತು. ಆ ಹಾಡಿಗೆ ಟೋಟೊ ಡ್ರಮ್ಮರ್ ಜೆಫ್ ಪೊರ್ಕಾರೊ ಮಾಡಿಟ್ಟ ಶಫಲ್, ಅಂದರೆ ತೂಗಾಡೋ ನಡೆ, ಡ್ರಮ್ಸ್ ಕಲಿಯೋ ಮಕ್ಕಳಿಗೆ ದೊಡ್ಡ ಪರೀಕ್ಷೆ, ಸ್ನೇರ್ ಮೇಲೆ ಕೇಳಿಯೂ ಕೇಳದಂಥ ಸಣ್ಣ ಪೆಟ್ಟುಗಳೇ ಅದರ ಜೀವ. ಆ ಕುಸುರಿ ಬಿಸೊನೆಟ್ ಕೈಯಲ್ಲಿದೆ. ರಿಂಗೊ ಅದರ ಗೋಜಿಗೆ ಹೋಗದೆ ಬೆನ್ನೆಲುಬಿನ ಪೆಟ್ಟು ಮಾತ್ರ ಇಡ್ತಾರೆ. ಅಳುಕಿರೋರು ಎಂಬತ್ತು ದಾಟಿದ ಮೇಲೂ ಪರರ ಕಷ್ಟದ ಹಾಡಿಗೆ ಎಲ್ಲರ ಮುಂದೆ ಕೂರಲ್ಲ. ತನಗೆ ಬೇಕಾದ್ದೆಷ್ಟು ಅಂತ ಗೊತ್ತಿರೋರ ಕೆಲಸ ಅದು.

ಸೋಲೊ ಬಗ್ಗೆಯೂ ಹೀಗೇ. ಬೀಟಲ್ಸ್ ರೆಕಾರ್ಡುಗಳಲ್ಲಿ ಅವರದ್ದು ಅಂತ ಇರೋದು ಒಂದೇ ಸೋಲೊ, 1969ರ 'ದಿ ಎಂಡ್'ನಲ್ಲಿ. ಅದಕ್ಕೂ ಒಲ್ಲೆ ಅಂದಿದ್ದರು, ಬಲವಂತಕ್ಕೆ ನುಡಿಸಿದ್ದು. ಬ್ಯಾಂಡ್ ಬಿಟ್ಟ ಮೇಲೆ ಯಾರೂ ತಡೆಯೋರಿರಲಿಲ್ಲ, ಆದರೂ ಸೋಲೊ ಹೊಡೆಯೋ ಡ್ರಮ್ಮರ್ ಆಗಲಿಲ್ಲ. ಇದು ಬದಲಾಗದೆ ಉಳಿದ ಗುಣ.

ಎಡಗೈ_ಲಯ

1975ರ ಆಚೆಯ ಲೆಕ್ಕ ಕೇಳಿದ್ದಿರಲ್ಲ ಹಳೇಕ್ಯಾಸೆಟ್ ಅವರೇ, ತಗೊಳ್ಳಿ.

ಮೊದಲು 'ಫ್ರೀ ಆ್ಯಸ್ ಎ ಬರ್ಡ್'. ಲೆನನ್ 1977ರ ಹೊತ್ತಿಗೆ ಮನೆಯಲ್ಲಿ ಪಿಯಾನೊ ಮುಂದೆ ಕೂತು ಕ್ಯಾಸೆಟ್‌ಗೆ ಹಾಡಿದ್ದು. 1994ರಲ್ಲಿ ಉಳಿದ ಮೂವರು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಮೆಕಾರ್ಟ್ನಿಯವರ ಸ್ಟುಡಿಯೊದಲ್ಲಿ ಸೇರಿ ಅದರ ಮೇಲೆ ನುಡಿಸಿದರು. ಒಬ್ಬನೇ ಮನೆಯಲ್ಲಿ ಹಾಡೋವಾಗ ಕಾಲ ಹಿಂದು ಮುಂದಾಗೋದು ಸಹಜ, ಅದನ್ನ ನಿರ್ಮಾಪಕ ಜೆಫ್ ಲಿನ್ ಮೊದಲು ಹದಕ್ಕೆ ತಂದರು. ಆಮೇಲೆ ರಿಂಗೊ. ತೀರಿಹೋದ ಗೆಳೆಯನ ಧ್ವನಿ ಹೆಡ್‌ಫೋನಿನಲ್ಲಿ ಬರ್ತಾ ಇದೆ, ಅದು ಇನ್ನು ಬದಲಾಗೋದಿಲ್ಲ, ನಿಮ್ಮ ಪೆಟ್ಟಿಗೆ ಅದು ಸ್ಪಂದಿಸೋದೂ ಇಲ್ಲ. 'ಗಾಡ್'ನಲ್ಲಿ ಇದೇ ಇಬ್ಬರು ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ನೋಡ್ತಾ ನುಡಿಸಿದ್ದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. 1994ರದ್ದು ನೇರ, ದಪ್ಪ, ಜಾಗರೂಕ. ಅಲ್ಲಿ ಹಾಗೆ ನುಡಿಸೋದೇ ಸರಿಯಾಗಿತ್ತು. 2023ರ 'ನೌ ಆ್ಯಂಡ್ ದೆನ್'ಗೂ ಇದೇ ಮಾತು, ಲಾಸ್ ಏಂಜಲೀಸ್‌ನಲ್ಲಿ ತಮ್ಮ ಮನೆಯ ಸ್ಟುಡಿಯೊದಲ್ಲೇ ಡ್ರಮ್ಸ್ ಸೇರಿಸಿದರು.

ಈಗ 1997ಕ್ಕೆ ಬನ್ನಿ. ಮೆಕಾರ್ಟ್ನಿಯವರ 'ಫ್ಲೇಮಿಂಗ್ ಪೈ'. ಅದರ 'ಬ್ಯೂಟಿಫುಲ್ ನೈಟ್' ಹಾಡಿಗೆ ರಿಂಗೊ ಡ್ರಮ್ಸ್. ಹಾಡು ನಿಧಾನಕ್ಕೆ ಸಾಗಿ, ಕೊನೆಗೆ ಒಮ್ಮೆಲೇ ವೇಗ ಏರಿ ಕುಣಿಯೋಕೆ ಶುರುಮಾಡುತ್ತೆ. ಆ ತಿರುವು ಕೇಳಿ, ಐವತ್ತೈದು ದಾಟಿದ ಕೈ ಹೇಗೆ ಹಾರುತ್ತೆ! ಅದೇ ಸೆಷನ್ನಿನಲ್ಲಿ ಸುಮ್ಮನೆ ಕೂತು ನುಡಿಸ್ತಾ ಹುಟ್ಟಿದ್ದು 'ರಿಯಲಿ ಲವ್ ಯೂ'. ಪಾಲ್ ಬೇಸ್, ರಿಂಗೊ ಡ್ರಮ್ಸ್. ಇಬ್ಬರ ಹೆಸರಲ್ಲೇ ರಚನೆ ದಾಖಲಾಗಿದೆ. ಪಕ್ಕದಲ್ಲಿ ಎರಡನೇ ಡ್ರಮ್ಮರ್ ಇಲ್ಲ, ಮೊದಲೇ ತೀರ್ಮಾನ ಮಾಡಿಕೊಂಡ ನಡೆ ಇಲ್ಲ, ಎದುರಿಗೆ ಗೊತ್ತಿರೋ ಬೇಸ್. ಸ್ನೇರ್ ಸ್ವಲ್ಪ ಹಿಂದಕ್ಕೆ ವಾಲಿಕೊಂಡು ಬೀಳೋ ಆ ಹಳೇ ನಡೆ ವಾಪಸ್ ಬಂದುಬಿಟ್ಟಿದೆ. ಕೋಣೆ ಸಿಕ್ಕ ಕೂಡಲೇ ಕೈ ಸಿಕ್ಕಿತು. ಕೈ ಹಾಳಾಗಿದ್ದರೆ ಇದು ಸಾಧ್ಯವಿರಲಿಲ್ಲ.

ಮಳೆಗಾಲದ_ಗಿಟಾರ್

ಒಪ್ಪಿದೆ. ಇದರ ಜೊತೆಗೆ ಅಮೆರಿಕದ ಗಾಯಕ ಟಾಮ್ ಪೆಟ್ಟಿಯ 1994ರ 'ವೈಲ್ಡ್‌ಫ್ಲವರ್ಸ್' ಆಲ್ಬಂನ 'ಟು ಫೈಂಡ್ ಎ ಫ್ರೆಂಡ್' ಸೇರಿಸಿಕೊಳ್ಳಿ. ಸಣ್ಣ ಅಕೂಸ್ಟಿಕ್ ಹಾಡು, ಡ್ರಮ್ಸ್‌ಗೆ ರಿಂಗೊ ಅಂತ ಬರೆದಿರೋದನ್ನ ನೋಡದೆ ಕೇಳಿದರೂ ಗೊತ್ತಾಗುತ್ತೆ. ಗಿಟಾರ್ ಹಿಡಿದೋರಿಗೆ ಅದು ಎಷ್ಟು ಹಿತ ಅನ್ನೋದನ್ನ ಮಾತಲ್ಲಿ ಹೇಳೋಕಾಗಲ್ಲ.

ಮೃದಂಗದ_ಬಲ

ಮಗ ಇನ್ನೊಂದು ಕೇಳಿಸಿದ, ಅದನ್ನ ಇಲ್ಲಿ ಯಾರೂ ಎತ್ತಿಲ್ಲ. ಲೆನನ್ ಆಲ್ಬಂ ಬಿಡುಗಡೆಯಾದ ದಿನವೇ ಅವರ ಹೆಂಡತಿ ಯೋಕೊ ಓನೊ ಆಲ್ಬಂ ಕೂಡ ಬಂತಂತೆ. ಅದರ ಮೊದಲನೇದು 'ವೈ'. ಯೋಕೊ ಚೀರ್ತಾರೆ, ಲೆನನ್ ಗಿಟಾರೂ ಹಾಗೇ ಚೀರುತ್ತೆ, ಬೇಸ್ ಒಂದೇ ಸಮ ಓಡುತ್ತೆ. ಹೆಚ್ಚಿನವರು ಒಂದು ನಿಮಿಷಕ್ಕೆ ನಿಲ್ಲಿಸಿಬಿಡ್ತಾರೆ ಅಂತ ಮಗ ಹೇಳಿದ. ನಾನು ಐದೂ ಚಿಲ್ಲರೆ ನಿಮಿಷ ಪೂರ್ತಿ ಕೇಳಿದೆ. ಆ ಇಬ್ಬರೂ ಲಯದ ಹಂಗೇ ಇಲ್ಲದೆ ಎಲ್ಲೆಲ್ಲೋ ಹೋಗ್ತಾರೆ. ಡ್ರಮ್ಸ್ ಮಾತ್ರ ಒಂದು ಕಡೆ ಪಟ್ಟು ಹಿಡಿದು ಹೊಡೀತಾನೇ ಇದೆ, ಬಿಡುವೇ ಇಲ್ಲ, ರಭಸ ಒಂದಿಷ್ಟೂ ತಗ್ಗಲ್ಲ. 'ಮದರ್'ನಲ್ಲಿ ಅಷ್ಟು ನಿಧಾನ ಹಿಡಿದ ಕೈಯೇ ಇದು ಅಂದರೆ ನಂಬೋಕಾಗಲಿಲ್ಲ. ಬೀಟಲ್ಸ್ ರೆಕಾರ್ಡುಗಳಲ್ಲಿ ಇಂಥದ್ದು ನನಗೆ ಕೇಳಿಸಿಲ್ಲ.

ಸ್ನೇರ್_ಮೇಷ್ಟ್ರು

ಮೇಡಂ, ಸರಿಯಾದ್ದನ್ನೇ ಹಿಡಿದಿ‍ರಿ. ಆಮೇಲಿನ ಐವತ್ತು ವರ್ಷ ಯಾರೂ ಅವರನ್ನ ಅಂಥದ್ದಕ್ಕೆ ಮತ್ತೆ ಕರೆಯಲೇ ಇಲ್ಲ. ನನಗೆ ನಿಜವಾಗಿ ನೋವಾಗೋದು ಈ ವಿಷಯಕ್ಕೆ. ಎಲ್ಲರಿಗೂ ಬೇಕಾಗಿದ್ದು ನಗುಮುಖದ, ಶಾಂತಿ ಚಿಹ್ನೆ ತೋರಿಸೋ ರಿಂಗೊ. ಅವರೂ ಅದನ್ನೇ ಕೊಟ್ಟರು.

ಹುಬ್ಬಳ್ಳಿ_ಬೀಟ್

ಇಷ್ಟು ಓದಿದ ಮ್ಯಾಲೆ ಕೇಳಲಾರದ ಹೆಂಗ ಇರೂದ್ರಿ? ಎಲ್ಲಿಂದ ಶುರು ಮಾಡ್ಲಿ? 'ಗಾಡ್' ಹುಡಕಿದ್ರ ನಾಕೈದು ಥರಾ ಬರಾಕತ್ತಾವ.

ಎಡಗೈ_ಲಯ

2021ರಲ್ಲಿ 'ಪ್ಲಾಸ್ಟಿಕ್ ಓನೊ ಬ್ಯಾಂಡ್' ಆಲ್ಬಂನ 'ಅಲ್ಟಿಮೇಟ್ ಕಲೆಕ್ಷನ್' ಅಂತ ದೊಡ್ಡ ಸಂಗ್ರಹ ಬಂತು. ಅದರಲ್ಲಿ ಒಂದೊಂದು ಹಾಡಿಗೂ ಹಲವು ಮಿಕ್ಸ್, ಬಿಟ್ಟುಹೋದ ಟೇಕ್‌ಗಳು ಇವೆ. ಮೊದಲು ಹಳೇ ಮೂಲ ರೂಪ ಕೇಳಿಬಿಡಿ. ಆಮೇಲೆ 'ರಾ ಸ್ಟುಡಿಯೊ' ಅಂತ ಬರೆದಿರೋದು ತಗೊಳ್ಳಿ, ಪ್ರತಿಧ್ವನಿ ಎಲ್ಲ ತೆಗೆದಿರೋದರಿಂದ ಡ್ರಮ್ಸ್ ಎದುರಿಗೇ ಕೂತಂಗೆ ಕೇಳುತ್ತೆ. ಕೊನೆಗೆ ಬೇರೆ ಟೇಕ್‌ಗಳು. ಫಿಲ್ಲನ್ನ ಎರಡು ಸಲ ಒಂದೇ ಥರ ನುಡಿಸಲ್ಲ ಅಂತ ಮೇಷ್ಟ್ರು ಹೇಳಿದ್ದು ಅಲ್ಲಿ ಕಿವಿಯಾರೆ ಕೇಳಬಹುದು. ಮೊಬೈಲ್ ಸ್ಪೀಕರ್ ಬೇಡ, ಬೇಸ್ ಡ್ರಮ್ ಅದರಲ್ಲಿ ಬರೋದೇ ಇಲ್ಲ.

ಹಳೇಕ್ಯಾಸೆಟ್

'ವೈ' ಕೇಳಿದೆ, 'ರಿಯಲಿ ಲವ್ ಯೂ' ಕೂಡ ಕೇಳಿದೆ. 'ವೈ'ನಲ್ಲಿ ನುಡಿಸಿರೋ ಆ ಡ್ರಮ್ಮರ್‌ನ ಇನ್ನೂ ನಾಲ್ಕು ಆಲ್ಬಂನಲ್ಲಿ ಕೇಳಬೇಕಿತ್ತು ಅನ್ನಿಸಿ ಹೊಟ್ಟೆ ಉರೀತು. ಆದರೆ 1977ರಿಂದ 1988ರವರೆಗಿನ ನನ್ನ ಮಾತು ಹಿಂದಕ್ಕೆ ತಗೊಳ್ಳಲ್ಲ ಸರ್. ಆ ಹನ್ನೊಂದು ವರ್ಷದಲ್ಲಿ ಡ್ರಮ್ಸ್‌ಗೋಸ್ಕರವೇ ಕೇಳೋ ಅಂಥ ಒಂದು ರೆಕಾರ್ಡು ತೋರಿಸಿ. 1982ರ 'ಟೇಕ್ ಇಟ್ ಅವೇ' ಅಂತೀರಿ ಅಂತ ಗೊತ್ತು, ಅದರಲ್ಲೂ ಪಕ್ಕದ ಕುರ್ಚಿಯಲ್ಲಿ ಗ್ಯಾಡ್ ಇದ್ದಾರೆ.

ಎಡಗೈ_ಲಯ

1987ರ ಹ್ಯಾರಿಸನ್ ಆಲ್ಬಂ 'ಕ್ಲೌಡ್ ನೈನ್', ಹಾಡು 'ವೆನ್ ವಿ ವಾಸ್ ಫ್ಯಾಬ್'. ಶುರುವಿನ ಡ್ರಮ್ಸ್ ಕೇಳಿ ಬನ್ನಿ, ಆಮೇಲೆ ಮಾತಾಡೋಣ.